ಬಿಲ್ಡ್ ಕ್ಲಸ್ಟರ್‌ನಲ್ಲಿ ವಿತರಿತ ಕಡತ ವ್ಯವಸ್ಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂಲಸಂಕೇತದಿಂದ ಪ್ರೋಗ್ರಾಮ್ ಕಟ್ಟುವ ಕೆಲಸವನ್ನು (ಬಿಲ್ಡ್) ಹಂಚಿಕೊಳ್ಳುವ ಹತ್ತಾರು ಯಂತ್ರಗಳ ಗುಂಪನ್ನು, ಅಂದರೆ ಬಿಲ್ಡ್ ಕ್ಲಸ್ಟರ್ ಅನ್ನು, ಕಟ್ಟಲು ಹೊರಟವರಿಗಾಗಿ, ಮತ್ತು ಈಗಾಗಲೇ ಕಟ್ಟಿ ಅದರ ನಿಧಾನಗತಿಯಿಂದ ಬೇಸತ್ತವರಿಗಾಗಿ ಈ ಪುಟ. ಉದಾಹರಣೆಗಳೆಲ್ಲ ಲಿನಕ್ಸ್ ಯಂತ್ರಗಳನ್ನೂ ಸಿ ಮತ್ತು ಸಿ ಪ್ಲಸ್ ಪ್ಲಸ್ ಮೂಲಸಂಕೇತವನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಬೇರೆ ಭಾಷೆಗಳ ಬಿಲ್ಡ್‌ಗಳಲ್ಲಿ ಹೆಸರುಗಳು ಬದಲಾದರೂ ತೊಡಕುಗಳು ಬಹುಪಾಲು ಇವೇ.

ಬಿಲ್ಡ್ ಕ್ಲಸ್ಟರ್ ಎಂದ ಮೇಲೆ ವಿತರಿತ ಕಡತ ವ್ಯವಸ್ಥೆ ಇರಲೇಬೇಕೆ?

ಇರಲೇಬೇಕೆಂದಿಲ್ಲ. ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವುದು ಒಂದು, ಒಂದೇ ಕಡತವನ್ನು ಹಲವು ಯಂತ್ರಗಳಿಗೆ ಕಾಣಿಸುವುದು ಇನ್ನೊಂದು. ವಿತರಿತ ಕಡತ ವ್ಯವಸ್ಥೆ ಮಾಡುವುದು ಈ ಎರಡನೆಯದನ್ನು. ಇವೆರಡೂ ಒಂದೇ ಎಂದುಕೊಂಡು ಶುರುಮಾಡಿದ ಕ್ಲಸ್ಟರ್‌ಗಳೇ ಮುಂದೆ ಹೆಚ್ಚು ತೊಂದರೆ ಪಡುತ್ತವೆ. ಕಂಪೈಲ್ ಕೆಲಸವನ್ನು ಬೇರೆ ಯಂತ್ರಗಳಿಗೆ ಹಂಚುವ ಡಿಸ್ಟ್‌ಸಿಸಿ ಎಂಬ ಸಾಧನ ಇದಕ್ಕೆ ಹಳೆಯದಾದರೂ ಒಳ್ಳೆಯ ಉದಾಹರಣೆ: ಅದು ತನ್ನ ಸಾಮಾನ್ಯ ವಿಧಾನದಲ್ಲಿ ಪ್ರೀಪ್ರೊಸೆಸಿಂಗ್ (ಹೆಡರ್ ಎಂಬ ಸೇರ್ಪಡೆ ಕಡತಗಳನ್ನು ಮೂಲಕ್ಕೆ ಜೋಡಿಸುವ) ಕೆಲಸವನ್ನು ಬಿಲ್ಡ್ ಆರಂಭವಾದ ಯಂತ್ರದಲ್ಲೇ ಮುಗಿಸಿ, ಹೆಡರ್‌ಗಳೆಲ್ಲ ಒಳಸೇರಿದ ಒಂದೇ ಪಠ್ಯವನ್ನು ದೂರದ ಯಂತ್ರಕ್ಕೆ ಕಳುಹಿಸಿ, ಕಂಪೈಲ್ ಆದ ಆಬ್ಜೆಕ್ಟ್ ಕಡತವನ್ನು ವಾಪಸು ಪಡೆಯುತ್ತದೆ. ದೂರದ ಯಂತ್ರದಲ್ಲಿ ಮೂಲಸಂಕೇತವೂ ಬೇಡ, ಹೆಡರ್‌ಗಳೂ ಬೇಡ. ಅದೇ ಆವೃತ್ತಿಯ ಕಂಪೈಲರ್ ಇದ್ದರೆ ಸಾಕು.

ಹಂಚಿದ ಕಡತ ವ್ಯವಸ್ಥೆ ನಿಜವಾಗಿ ಉಪಯೋಗಕ್ಕೆ ಬರುವ ಸಂದರ್ಭಗಳು ಬೇರೆ. ಹತ್ತಾರು ಗಿಗಾಬೈಟ್‌ಗಳ ಟೂಲ್‌ಚೈನ್ (ಕಂಪೈಲರ್ ಮುಂತಾದ ಬಿಲ್ಡ್ ಸಾಧನಗಳು) ಮತ್ತು ಸಿಸ್‌ರೂಟ್ (ಗುರಿ ಯಂತ್ರದ ಹೆಡರ್, ಲೈಬ್ರರಿಗಳ ಪ್ರತಿ) ಕ್ಲಸ್ಟರ್‌ನ ಪ್ರತಿ ಯಂತ್ರದಲ್ಲೂ, ಅಂದರೆ ನೋಡ್‌ನಲ್ಲೂ, ಒಂದೇ ಹಾದಿಯಲ್ಲಿ ಸಿಗಬೇಕಾದಾಗ, ಒಂದು ನೋಡ್ ಕಟ್ಟಿದ್ದನ್ನು ಇನ್ನೊಂದು ನೋಡ್ ಪರೀಕ್ಷಿಸಬೇಕಾದಾಗ, ಹಳೆಯ ಬಿಡುಗಡೆಗಳ ಲೈಬ್ರರಿಗಳನ್ನು ಎಲ್ಲರೂ ಓದಬೇಕಾದಾಗ ಅದಕ್ಕೆ ಬೆಲೆಯಿದೆ. ಈ ಮೂರರಲ್ಲೂ ಹಂಚಿಕೆಯಾಗುವುದು ಒಮ್ಮೆ ಬರೆದು ಮತ್ತೆ ಮುಟ್ಟದ ಕಡತಗಳು ಎಂಬುದನ್ನು ಗಮನಿಸಿ; ಕೆಳಗಿನ ಉತ್ತರಗಳಲ್ಲಿ ಬಹಳಷ್ಟು ಈ ಒಂದು ಮಾತಿಗೇ ಮರಳಿ ಬರುತ್ತವೆ.

ನೆಟ್‌ವರ್ಕ್ ವೇಗವಾಗಿದೆ, ಸರ್ವರ್‌ನಲ್ಲಿ ಎಸ್‌ಎಸ್‌ಡಿಗಳಿವೆ. ಆದರೂ ಹಂಚಿದ ಡೈರೆಕ್ಟರಿಯಲ್ಲಿ ಬಿಲ್ಡ್ ಏಕೆ ಇಷ್ಟು ನಿಧಾನ?

ಬಿಲ್ಡ್ ಎಂಬುದು ದತ್ತಾಂಶದ ಹೊರೆಯಲ್ಲ, ಮೆಟಾಡೇಟಾದ, ಅಂದರೆ ಕಡತದ ಹೆಸರು, ಸಮಯ, ಗಾತ್ರದಂಥ ವಿವರಗಳ ಹೊರೆ. ಗಿಗಾಬಿಟ್‌ಗಳ ಲೆಕ್ಕ ಇಲ್ಲಿ ಹೆಚ್ಚು ನಡೆಯುವುದಿಲ್ಲ. ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೇ ಲೆಕ್ಕ.

ಒಂದು ಕಡತವನ್ನೇ ಹತ್ತಿರದಿಂದ ನೋಡೋಣ. ಅದು ನೇರವಾಗಿಯೂ ಪರೋಕ್ಷವಾಗಿಯೂ 300 ಹೆಡರ್‌ಗಳನ್ನು ಸೇರಿಸಿಕೊಳ್ಳುತ್ತದೆ, ಕಂಪೈಲರ್‌ಗೆ ಕೊಟ್ಟ ಹುಡುಕಾಟದ ಡೈರೆಕ್ಟರಿಗಳು 20, ಪ್ರತಿ ಹೆಡರ್ ಸರಾಸರಿ ಹತ್ತನೆಯ ಡೈರೆಕ್ಟರಿಯಲ್ಲಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಒಂದು ಹೆಡರ್‌ಗೆ 9 ಬಾರಿ ‘ಇಲ್ಲ’, ಒಮ್ಮೆ ‘ಇದೆ’. ಒಟ್ಟು 3,000 ವಿಚಾರಣೆಗಳು. ಲೋಕಲ್ ಡಿಸ್ಕ್‌ನಲ್ಲಿ ಇವುಗಳಿಗೆಲ್ಲ ಕರ್ನಲ್ ತನ್ನ ಮೆಮೊರಿಯಿಂದಲೇ ಉತ್ತರ ಕೊಡುವುದರಿಂದ ಯಾರಿಗೂ ಗೊತ್ತೇ ಆಗುವುದಿಲ್ಲ. ಪ್ರತಿಯೊಂದೂ ಸರ್ವರ್‌ವರೆಗೆ ಹೋಗಿ 0.3 ಮಿಲಿಸೆಕೆಂಡ್‌ನಲ್ಲಿ ಮರಳಿದರೆ, ಕಂಪೈಲರ್ ಒಂದು ಸಾಲನ್ನೂ ಅರ್ಥಮಾಡಿಕೊಳ್ಳುವ ಮುನ್ನ 0.9 ಸೆಕೆಂಡ್ ಕಳೆದಿರುತ್ತದೆ. ಇಂಥ 5,000 ಕಡತಗಳಿದ್ದರೆ ಸರ್ವರ್ ಎದುರಿಸುವುದು 1.5 ಕೋಟಿ ವಿಚಾರಣೆಗಳನ್ನು.

ಕ್ಲೈಂಟ್ (ಸರ್ವರ್‌ನ ಕಡತ ಬಳಸುವ ನೋಡ್) ಬದಿಯ ಕ್ಯಾಶ್, ಅಂದರೆ ಹಿಂದಿನ ಉತ್ತರಗಳ ನೆನಪು, ಇವುಗಳಲ್ಲಿ ದೊಡ್ಡ ಪಾಲನ್ನು ತಡೆಯುತ್ತದೆ ಎಂಬುದು ನಿಜ. ಆದರೂ ಸರ್ವರ್‌ನ ಡಿಸ್ಕ್ ಅನ್ನು ನೆಟ್‌ವರ್ಕ್ ಮೂಲಕ ಹಂಚುವ ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಮ್) ಪ್ರತಿ ಬಾರಿ ಕಡತವನ್ನು ತೆರೆಯುವಾಗ ಅದು ಬದಲಾಗಿದೆಯೇ ಎಂದು ಸರ್ವರ್ ಅನ್ನು ಕೇಳುವುದರಿಂದ, 300 ಹೆಡರ್‌ಗಳಿಗೆ ಕನಿಷ್ಠ 300 ಪ್ರಶ್ನೆಗಳು ಉಳಿದೇ ಉಳಿಯುತ್ತವೆ. ನೆಟ್‌ವರ್ಕ್ ಕಾರ್ಡ್ ಅನ್ನು 10 ಗಿಗಾಬಿಟ್‌ನಿಂದ 100ಕ್ಕೆ ಏರಿಸಿದರೆ ಈ ಸಂಖ್ಯೆ ಒಂದೂ ಕಡಿಮೆಯಾಗುವುದಿಲ್ಲ. ಹುಡುಕಾಟದ ಡೈರೆಕ್ಟರಿಗಳನ್ನು 20ರಿಂದ 5ಕ್ಕೆ ಇಳಿಸಿದರೆ ಆ ‘ಇಲ್ಲ’ಗಳಾದರೂ ಕಡಿಮೆಯಾಗುತ್ತವೆ, ಅದೂ ಖರ್ಚಿಲ್ಲದೆ.

ಹಾಗಾದರೆ ಏನನ್ನು ಹಂಚಬೇಕು, ಏನನ್ನು ನೋಡ್‌ನಲ್ಲೇ ಇಡಬೇಕು?

ಟೂಲ್‌ಚೈನ್, ಸಿಸ್‌ರೂಟ್, ಮೂರನೆಯವರ ಲೈಬ್ರರಿಗಳು, ಮೂಲಸಂಕೇತದ ಗಿಟ್ ಮಿರರ್ (ಭಂಡಾರದ ಪೂರ್ಣ ಪ್ರತಿ) ಮತ್ತು ಮುಗಿದ ಬಿಲ್ಡ್‌ನ ಫಲಿತಗಳು ಹಂಚಿದ ಜಾಗಕ್ಕೆ ಸೇರಿದವು. ಆಬ್ಜೆಕ್ಟ್ ಕಡತಗಳು, ಅವಲಂಬನೆಯ ಪಟ್ಟಿಗಳು, ಕಂಪೈಲರ್‌ನ ತಾತ್ಕಾಲಿಕ ಕಡತಗಳು, ಆಬ್ಜೆಕ್ಟ್‌ಗಳನ್ನು ಒಂದಾಗಿ ಜೋಡಿಸುವ ಲಿಂಕರ್ ಬರೆಯುತ್ತಿರುವ ಔಟ್‌ಪುಟ್ ಇವೆಲ್ಲ ಆಯಾ ನೋಡ್‌ನ ಎನ್‌ವಿಎಂಇ ಡಿಸ್ಕ್‌ನಲ್ಲಿ, ಮೆಮೊರಿ ಧಾರಾಳವಾಗಿದ್ದರೆ ಮೆಮೊರಿಯಲ್ಲೇ ಕಡತಗಳನ್ನಿಡುವ ಟಿಎಂಪಿಎಫ್‌ಎಸ್‌ನಲ್ಲಿ ಇರಬೇಕು. ಲಿಂಕರ್ ವಿಷಯದಲ್ಲಂತೂ ಇದು ಕಡ್ಡಾಯ ಎಂದೇ ನನ್ನ ಅಭಿಪ್ರಾಯ: ಇಂದಿನ ಲಿಂಕರ್‌ಗಳು ಔಟ್‌ಪುಟ್ ಅನ್ನು ಮೆಮೊರಿಗೆ ಮ್ಯಾಪ್ ಮಾಡಿಕೊಂಡು ಎಲ್ಲೆಂದರಲ್ಲಿ ಬರೆಯುತ್ತವೆ, ಈ ಬಗೆಯ ಬರವಣಿಗೆ ಯಾವ ನೆಟ್‌ವರ್ಕ್ ಕಡತ ವ್ಯವಸ್ಥೆಗೂ ಹಿಡಿಸುವುದಿಲ್ಲ. ಲೋಕಲ್ ಡಿಸ್ಕ್‌ನಲ್ಲಿ ಲಿಂಕ್ ಮುಗಿಸಿ, ಸಿದ್ಧವಾದ ಕಡತವನ್ನು ಒಂದೇ ಪ್ರವಾಹವಾಗಿ ಹಂಚಿದ ಜಾಗಕ್ಕೆ ನಕಲಿಸುವುದು ಎಷ್ಟೋ ಲೇಸು.

ಮೂಲಸಂಕೇತದ ವರ್ಕಿಂಗ್ ಟ್ರೀ (ಕೆಲಸಕ್ಕೆಂದು ತೆರೆದಿಟ್ಟ ಕಡತಗಳು) ಎಲ್ಲಿರಬೇಕೆಂಬ ಬಗ್ಗೆ ವಾದಗಳಿವೆ. ಲಿನಕ್ಸ್ ಕರ್ನಲ್‌ನ ಟ್ರೀಯಲ್ಲಿ ಇಂದು 70 ಸಾವಿರಕ್ಕೂ ಹೆಚ್ಚು ಕಡತಗಳಿವೆ, ಮತ್ತು ‘ಗಿಟ್ ಸ್ಟೇಟಸ್’ ತಾನು ಬಲ್ಲ ಪ್ರತಿ ಕಡತದ ಸ್ಥಿತಿಯನ್ನೂ ವಿಚಾರಿಸುತ್ತದೆ. ಗಿಟ್‌ನಲ್ಲಿ ಈ ವಿಚಾರಣೆಯನ್ನು ಸಮಾಂತರವಾಗಿ ನಡೆಸುವ ‘ಪ್ರೀಲೋಡ್ ಇಂಡೆಕ್ಸ್’ ಎಂಬ ಸೌಲಭ್ಯವಿದ್ದು, ಎನ್‌ಎಫ್‌ಎಸ್‌ನಂಥ ವ್ಯವಸ್ಥೆಗಳಲ್ಲಿ ಇದು ನೆರವಾಗುತ್ತದೆಂದು ಅದರ ಕೈಪಿಡಿಯೇ ಹೇಳುತ್ತದೆ. ಅಷ್ಟಾದರೂ ಮಿರರ್ ಅನ್ನು ಹಂಚಿ, ಚೆಕ್‌ಔಟ್ ಅನ್ನು ಲೋಕಲ್ ಆಗಿ ಮಾಡುವುದೇ ಸರಿ.

ಎನ್‌ಎಫ್‌ಎಸ್ ಅನ್ನು ವಿತರಿತ ಕಡತ ವ್ಯವಸ್ಥೆ ಎನ್ನಬಹುದೆ? ಸಣ್ಣ ಕ್ಲಸ್ಟರ್‌ಗೆ ಅದು ಸಾಕೆ?

ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ ಎನ್‌ಎಫ್‌ಎಸ್ ಕಟ್ಟುನಿಟ್ಟಾಗಿ ಹೇಳುವುದಾದರೆ ನೆಟ್‌ವರ್ಕ್ ಮೂಲಕ ಕಾಣುವ ಒಂದು ಸರ್ವರ್‌ನ ಡಿಸ್ಕ್. ದತ್ತಾಂಶವು ಹಲವು ಸರ್ವರ್‌ಗಳಲ್ಲಿ ಹರಡಿಕೊಳ್ಳುವ ವ್ಯವಸ್ಥೆಯಲ್ಲ. 2010ರಲ್ಲಿ ಪ್ರಕಟವಾದ 4.1ನೆಯ ಆವೃತ್ತಿಯ ಪಿಎನ್‌ಎಫ್‌ಎಸ್ ಆ ದಿಕ್ಕಿಗೆ ಹೆಜ್ಜೆಯಿಟ್ಟಿತು. ಮೇಲೆ ಹೇಳಿದಂತೆ ಬದಲಾಗದ ಕಡತಗಳನ್ನಷ್ಟೇ ಹಂಚುವುದಾದರೆ, ಇಪ್ಪತ್ತು ಮೂವತ್ತು ನೋಡ್‌ಗಳಿಗೆ ಸಾಕಷ್ಟು ಮೆಮೊರಿಯುಳ್ಳ ಒಂದೇ ಎನ್‌ಎಫ್‌ಎಸ್ ಸರ್ವರ್ ಧಾರಾಳವಾಗಿ ಸಾಕಾಗುತ್ತದೆ. ಅದನ್ನು ಬಿಟ್ಟು ದೊಡ್ಡ ವ್ಯವಸ್ಥೆಗೆ ಹೋಗುವ ಮುನ್ನ ಸರ್ವರ್‌ನಲ್ಲಿ ಕೋರಿಕೆಗಳಿಗೆ ಉತ್ತರಿಸುವ ಎನ್‌ಎಫ್‌ಎಸ್‌ಡಿ ಥ್ರೆಡ್‌ಗಳ ಸಂಖ್ಯೆಯನ್ನು ನೋಡಿ. ಬಹುಕಾಲ ಈ ಪೂರ್ವನಿಗದಿತ ಸಂಖ್ಯೆ ಬರೀ 8 ಇತ್ತು. ನೂರಾರು ಕಂಪೈಲರ್‌ಗಳು ಒಟ್ಟಿಗೆ ಬಾಗಿಲು ತಟ್ಟುವಾಗ ಎಂಟು ಜನ ಸಾಲುವುದಿಲ್ಲ. ಲಿನಕ್ಸ್ 5.3ರಿಂದ ಬಂದ ‘ಎನ್‌ಕನೆಕ್ಟ್’ ಆಯ್ಕೆಯಿಂದ ಒಂದೇ ಕ್ಲೈಂಟ್ ಒಂದೇ ಸರ್ವರ್‌ಗೆ 16ರವರೆಗೆ ಟಿಸಿಪಿ ಸಂಪರ್ಕಗಳನ್ನು ತೆರೆಯಬಹುದು. ಅದೂ ಪ್ರಯತ್ನಿಸಲು ಯೋಗ್ಯ.

ಒಂದು ನೋಡ್ ಈಗಷ್ಟೇ ಬರೆದ ಹೆಡರ್ ಅನ್ನು ಇನ್ನೊಂದು ನೋಡ್ ‘ಅಂಥ ಕಡತವೇ ಇಲ್ಲ’ ಎನ್ನುತ್ತದೆ. ಹೋಗಿ ನೋಡಿದರೆ ಕಡತ ಅಲ್ಲೇ ಇದೆ. ಏನಿದು?

ಈ ಪ್ರಶ್ನೆ ಬರದ ಕ್ಲಸ್ಟರ್ ಇಲ್ಲ. ನಾನು ನೋಡಿಕೊಳ್ಳುತ್ತಿದ್ದ ಒಂದು ಕ್ಲಸ್ಟರ್‌ನಲ್ಲಿ ವಾರಕ್ಕೊಂದೆರಡು ಬಾರಿ, ಬಿಲ್ಡ್ ಸಮಯದಲ್ಲಿ ಹುಟ್ಟುವ ಒಂದು ಆವೃತ್ತಿ ಹೆಡರ್ ಸಿಗಲಿಲ್ಲವೆಂದು ಬಿಲ್ಡ್ ಬೀಳುತ್ತಿತ್ತು. ಮತ್ತೆ ಓಡಿಸಿದರೆ ಸರಾಗವಾಗಿ ಮುಗಿಯುತ್ತಿತ್ತು. ಏನನ್ನು ಮತ್ತೆ ಕಟ್ಟಬೇಕೆಂದು ತೀರ್ಮಾನಿಸುವ ಮೇಕ್ ಎಂಬ ಸಾಧನದ ನಿಯಮಗಳಲ್ಲಿ ಅವಲಂಬನೆ ತಪ್ಪಿದೆಯೆಂದು ನಾವು ಒಂದು ತಿಂಗಳು ಅಲ್ಲೇ ಹುಡುಕಿದೆವು. ನಿಯಮಗಳು ಸರಿಯಾಗಿಯೇ ಇದ್ದವು.

ನಡೆಯುತ್ತಿದ್ದುದು ಇಷ್ಟು. ಎರಡನೆಯ ನೋಡ್‌ನಲ್ಲಿ ಮೊದಲೇ ಓಡಿದ ಯಾವುದೋ ಕಂಪೈಲರ್, ಹುಡುಕಾಟದ ಸಾಲಿನಲ್ಲಿ ಆ ಡೈರೆಕ್ಟರಿಯೂ ಇದ್ದುದರಿಂದ, ಅದೇ ಹೆಸರಿನ ಹೆಡರ್ ಅನ್ನು ಅಲ್ಲಿ ವಿಚಾರಿಸಿ ‘ಇಲ್ಲ’ ಎಂಬ ಉತ್ತರ ಪಡೆದಿತ್ತು. ಕರ್ನಲ್ ‘ಇದೆ’ ಎಂಬುದನ್ನು ನೆನಪಿಡುವಂತೆಯೇ ‘ಇಲ್ಲ’ ಎಂಬುದನ್ನೂ ನೆನಪಿಡುತ್ತದೆ. ಕೆಲವೇ ಸೆಕೆಂಡ್‌ಗಳ ನಂತರ ಮೊದಲ ನೋಡ್ ಹೆಡರ್ ಬರೆಯಿತು, ಸರ್ವರ್‌ನಲ್ಲಿ ಡೈರೆಕ್ಟರಿಯ ಸಮಯಮುದ್ರೆ ಬದಲಾಯಿತು. ಆದರೆ ಎರಡನೆಯ ನೋಡ್ ತನ್ನ ಬಳಿಯಿದ್ದ ಡೈರೆಕ್ಟರಿ ವಿವರವನ್ನೇ ಇನ್ನೂ ನಂಬಿಕೊಂಡಿತ್ತು. ಲಿನಕ್ಸ್‌ನ ಎನ್‌ಎಫ್‌ಎಸ್ ಕ್ಲೈಂಟ್ ಕಡತಗಳ ಗುಣವಿವರಗಳನ್ನು ಪೂರ್ವನಿಗದಿತವಾಗಿ 3ರಿಂದ 60 ಸೆಕೆಂಡ್, ಡೈರೆಕ್ಟರಿಗಳದ್ದನ್ನು 30ರಿಂದ 60 ಸೆಕೆಂಡ್‌ವರೆಗೆ ಇಟ್ಟುಕೊಳ್ಳುತ್ತದೆ. ದೋಷದ ಸೂಚನೆ ಓದಿ ಮನುಷ್ಯನೊಬ್ಬ ಲಾಗಿನ್ ಆಗಿ ನೋಡುವ ಹೊತ್ತಿಗೆ ಆ ಅವಧಿ ಮುಗಿದು ಕಡತ ಕಾಣಿಸಿಕೊಂಡಿರುತ್ತದೆ.

ಎನ್‌ಎಫ್‌ಎಸ್ ಕೊಡುವ ಭರವಸೆ ಇಷ್ಟೇ: ಒಬ್ಬನು ಬರೆದು ಮುಚ್ಚಿದ ಮೇಲೆ ಇನ್ನೊಬ್ಬನು ತೆರೆದರೆ ಹೊಸದು ಕಾಣುತ್ತದೆ. ಹೆಸರೇ ಸಿಗದಿದ್ದರೆ ತೆರೆಯುವ ಮಾತೆಲ್ಲಿ? ಪರಿಹಾರವಾಗಿ ಆ ಮೌಂಟ್‌ಗೆ (ಹಂಚಿದ ಡೈರೆಕ್ಟರಿಯನ್ನು ನೋಡ್‌ಗೆ ಜೋಡಿಸುವಾಗ) ‘ಲುಕಪ್‌ಕ್ಯಾಶ್’ ಆಯ್ಕೆಯನ್ನು ‘ಪಾಸಿಟಿವ್’ ಎಂದು ಇಟ್ಟರೆ ಕರ್ನಲ್ ಇಲ್ಲದ ಹೆಸರುಗಳನ್ನು ಪ್ರತಿ ಬಾರಿ ಸರ್ವರ್‌ನಲ್ಲಿ ವಿಚಾರಿಸಿಕೊಳ್ಳುತ್ತದೆ. ಅದರ ಬೆಲೆ ಮೇಲಿನ ಲೆಕ್ಕದ ಆ 9 ‘ಇಲ್ಲ’ಗಳು. ನಾವು ಕೊನೆಗೆ ಮಾಡಿದ್ದು ಬೇರೆ: ಹೆಡರ್ ಹುಟ್ಟಿಸುವ ಕೆಲಸವನ್ನು ಪ್ರತಿ ನೋಡ್‌ನಲ್ಲೂ ಲೋಕಲ್ ಆಗಿಯೇ ನಡೆಸಿದೆವು. ಅರ್ಧ ಸೆಕೆಂಡ್‌ನ ಕೆಲಸ ಅದು, ಹಂಚುವ ಅಗತ್ಯವೇ ಇರಲಿಲ್ಲ.

ಸ್ನೇಕ್‌ಮೇಕ್ ಎಂಬ ಸಾಧನದಲ್ಲಿ ಔಟ್‌ಪುಟ್ ಕಡತ ಕಣ್ಣಿಗೆ ಬೀಳುವವರೆಗೆ ಕಾಯಲು ಪ್ರತ್ಯೇಕ ಆಯ್ಕೆಯೇ ಇದೆ, ಪೂರ್ವನಿಗದಿತವಾಗಿ 5 ಸೆಕೆಂಡ್. ಈ ತೊಂದರೆ ಎಷ್ಟು ಸಾಮಾನ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎಲ್ಲ ಕ್ಯಾಶ್‌ಗಳನ್ನೂ ‘ನೋಎಸಿ’ ಎಂಬ ಮೌಂಟ್ ಆಯ್ಕೆ ಹಾಕಿ ನಿಲ್ಲಿಸಿಬಿಟ್ಟರೆ?

ಬಿಲ್ಡ್ ಸರಿಯಾಗಬಹುದು, ಮುಗಿಯುವುದು ಯಾವಾಗ ಎಂದು ಹೇಳಲಾಗದು. ಆ ಆಯ್ಕೆ ಗುಣವಿವರಗಳ ಕ್ಯಾಶ್ ಅನ್ನು ನಿಲ್ಲಿಸುವುದಲ್ಲದೆ ಬರವಣಿಗೆಯನ್ನೂ ಸಿಂಕ್ರೊನಸ್ ಆಗಿಸುತ್ತದೆ, ಅಂದರೆ ಪ್ರತಿ ಬಾರಿ ಸರ್ವರ್‌ನ ಉತ್ತರಕ್ಕೆ ಕಾಯುವಂತೆ ಮಾಡುತ್ತದೆ. ಎರಡು ನೋಡ್‌ಗಳು ಮಾತಾಡಿಕೊಳ್ಳುವ ಒಂದು ಸಣ್ಣ ಡೈರೆಕ್ಟರಿಗೆ ಪ್ರತ್ಯೇಕ ಮೌಂಟ್ ಮಾಡಿ ಅಲ್ಲಿ ಬಳಸಿ. ಇಡೀ ಟ್ರೀಗೆ ಬೇಡ.

ಸೆಫ್, ಲಸ್ಟರ್, ಗ್ಲಸ್ಟರ್, ಎಚ್‌ಡಿಎಫ್‌ಎಸ್: ಈ ವಿತರಿತ ಕಡತ ವ್ಯವಸ್ಥೆಗಳಲ್ಲಿ ಬಿಲ್ಡ್‌ಗೆ ಯಾವುದು ಹೊಂದುತ್ತದೆ?

ಎಚ್‌ಡಿಎಫ್‌ಎಸ್ ಅನ್ನು ಮೊದಲೇ ಬದಿಗಿಡಿ. ಅದರ ಬ್ಲಾಕ್‌ನ ಪೂರ್ವನಿಗದಿತ ಗಾತ್ರ 128 ಮೆಗಾಬೈಟ್, ಎಲ್ಲ ಕಡತಗಳ ಹೆಸರುಗಳೂ ನೇಮ್‌ನೋಡ್ ಎಂಬ ಸರ್ವರ್‌ನ ಮೆಮೊರಿಯಲ್ಲೇ ಇರುತ್ತವೆ, ಕಡತದ ನಡುವೆ ತಿದ್ದಿ ಬರೆಯಲು ಅವಕಾಶವಿಲ್ಲ. ಎರಡು ಕಿಲೋಬೈಟ್‌ಗಳ ಲಕ್ಷಾಂತರ ಹೆಡರ್‌ಗಳಿಗಾಗಿ ಅದು ಹುಟ್ಟಿದ್ದಲ್ಲ.

ಲಸ್ಟರ್ ಸೂಪರ್‌ಕಂಪ್ಯೂಟರ್‌ಗಳ ಲೋಕದ್ದು. ದೊಡ್ಡ ಕಡತಗಳನ್ನು ಹಲವು ಸರ್ವರ್‌ಗಳ ಮೇಲೆ ಪಟ್ಟಿಪಟ್ಟಿಯಾಗಿ ಹರಡಿ ಅದು ತೋರಿಸುವ ವೇಗಕ್ಕೆ ಸಾಟಿಯಿಲ್ಲ. ಆದರೆ ಸಣ್ಣ ಕಡತ ತೆರೆಯಲು ಮೊದಲು ಮೆಟಾಡೇಟಾ ಸರ್ವರ್, ನಂತರ ದತ್ತಾಂಶದ ಸರ್ವರ್ ಹೀಗೆ ಎರಡು ಬಾಗಿಲು ತಟ್ಟಬೇಕಿತ್ತು, 2.11ನೆಯ ಆವೃತ್ತಿಯಿಂದ ಸಣ್ಣ ಕಡತದ ದತ್ತಾಂಶವನ್ನು ಮೆಟಾಡೇಟಾ ಸರ್ವರ್‌ನಲ್ಲೇ ಇಡುವ ಅನುಕೂಲ ಬಂದಿದೆ. ಲಸ್ಟರ್ ಈಗಾಗಲೇ ಇರುವ ಸಂಸ್ಥೆಯಲ್ಲಿ ಅದನ್ನು ಬಳಸಿಕೊಳ್ಳುವುದು ಸರಿ, ಬಿಲ್ಡ್‌ಗಾಗಿಯೇ ಹೊಸದಾಗಿ ಸ್ಥಾಪಿಸುವಷ್ಟಲ್ಲ.

ಗ್ಲಸ್ಟರ್‌ನಲ್ಲಿ ಪ್ರತ್ಯೇಕ ಮೆಟಾಡೇಟಾ ಸರ್ವರ್ ಇಲ್ಲ. ಕಡತದ ಹೆಸರಿನ ಹ್ಯಾಶ್ (ಅದರಿಂದ ಲೆಕ್ಕಹಾಕಿದ ಗುರುತುಸಂಖ್ಯೆ) ನೋಡಿ ಅದು ಯಾವ ಸರ್ವರ್‌ನಲ್ಲಿದೆ ಎಂದು ಕ್ಲೈಂಟ್ ತಾನೇ ತಿಳಿಯುತ್ತದೆ. ಕೇಳಲು ಸೊಗಸಾದ ಉಪಾಯ. ಆದರೆ ಡೈರೆಕ್ಟರಿಯ ಪಟ್ಟಿ ಬೇಕೆಂದರೆ ಎಲ್ಲ ಸರ್ವರ್‌ಗಳನ್ನೂ ಕೇಳಬೇಕು, ಇಲ್ಲದ ಕಡತವನ್ನು ಹುಡುಕಿದಾಗಲೂ ಹೆಚ್ಚಿನ ಓಡಾಟ ಬೀಳಬಹುದು. ಇಲ್ಲದ ಕಡತವನ್ನು ಹುಡುಕುವುದೇ ಕಂಪೈಲರ್‌ನ ದಿನದ ಕಸುಬು ಎಂಬುದನ್ನು ಮರೆಯದಿರಿ. ಜೊತೆಗೆ, ಎರಡೇ ಪ್ರತಿಗಳನ್ನಿಟ್ಟರೆ ಸಂಪರ್ಕ ಕಡಿದಾಗ ಯಾವ ಪ್ರತಿ ಸರಿ ಎಂದು ತೀರ್ಮಾನಿಸಲಾಗದ ಸ್ಥಿತಿ ಬರುತ್ತದೆ. ಮೂರನೆಯ ಪ್ರತಿಯೋ ತೀರ್ಪು ಕೊಡುವ ಆರ್ಬಿಟರೋ ಇರಲೇಬೇಕು.

ಈ ನಾಲ್ಕರಲ್ಲಿ ಬಿಲ್ಡ್‌ಗೆ ನಾನು ಆರಿಸುವುದು ಸೆಫ್‌ಎಫ್‌ಎಸ್. ಸೇಜ್ ವೈಲ್ ಅವರ ಸಂಶೋಧನೆಯಿಂದ ಬೆಳೆದ ಸೆಫ್‌ನ ಈ ಭಾಗವನ್ನು 2016ರ ಜ್ಯುವೆಲ್ ಆವೃತ್ತಿಯಲ್ಲಿ ಸ್ಥಿರವೆಂದು ಘೋಷಿಸಲಾಯಿತು. ಇದರ ಮೆಟಾಡೇಟಾ ಸರ್ವರ್ ಕ್ಲೈಂಟ್‌ಗಳಿಗೆ ‘ಕೇಪಬಿಲಿಟಿ’ ಎಂಬ ಪರವಾನಗಿಗಳನ್ನು ಕೊಡುತ್ತದೆ; ಪರವಾನಗಿ ಕೈಯಲ್ಲಿರುವವರೆಗೆ ಕ್ಲೈಂಟ್ ಯಾರನ್ನೂ ಕೇಳದೆ ತನ್ನ ಕ್ಯಾಶ್ ಅನ್ನು ನಂಬಬಹುದು, ಇನ್ನೊಬ್ಬರು ಬರೆಯಲು ಬಂದಾಗ ಸರ್ವರ್ ಅದನ್ನು ಹಿಂದಕ್ಕೆ ಪಡೆಯುತ್ತದೆ. ಆದ್ದರಿಂದ ಹಿಂದಿನ ಪ್ರಶ್ನೆಯ ‘ಇಲ್ಲ’ದ ತೊಂದರೆ ಇಲ್ಲಿ ಆ ರೂಪದಲ್ಲಿ ಬರುವುದಿಲ್ಲ. ಇಂಥದೇ ಉಪಾಯವನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಎಎಫ್‌ಎಸ್ 1980ರ ದಶಕದಲ್ಲೇ ‘ಕಾಲ್‌ಬ್ಯಾಕ್’ ಎಂಬ ಹೆಸರಿನಲ್ಲಿ ಬಳಸಿತ್ತು. ಬೆಲೆಯೂ ಉಂಟು: ಹಲವು ನೋಡ್‌ಗಳು ಒಂದೇ ಡೈರೆಕ್ಟರಿಯಲ್ಲಿ ಬರೆಯತೊಡಗಿದರೆ ಪರವಾನಗಿಗಳ ಕೊಡು-ಕೊಳ್ಳುವಿಕೆಯಲ್ಲೇ ಹೊತ್ತು ಹೋಗುತ್ತದೆ. ಮತ್ತೆ ಅದೇ ಮಾತು: ಬರೆಯುವುದನ್ನು ಹಂಚಬೇಡಿ. ಇನ್ನು ನಿರ್ವಹಣೆ; ಕ್ಲಸ್ಟರ್‌ನ ಸ್ಥಿತಿ ನೋಡಿಕೊಳ್ಳುವ ಮಾನಿಟರ್‌ಗಳು ಬಹುಮತ ಕಾಯ್ದುಕೊಳ್ಳಲು 3 ಅಥವಾ 5 ಬೇಕು, ದತ್ತಾಂಶದ ಮೂರು ಪ್ರತಿಗಳಿಗೆ ಡಿಸ್ಕ್‌ಗಳು ಬೇಕು, ಇದನ್ನೆಲ್ಲ ಬಲ್ಲ ಒಬ್ಬರಾದರೂ ತಂಡದಲ್ಲಿ ಬೇಕು.

‘ಗಡಿಯಾರದಲ್ಲಿ ವ್ಯತ್ಯಾಸ ಕಂಡುಬಂದಿದೆ, ಬಿಲ್ಡ್ ಅಪೂರ್ಣವಾಗಿರಬಹುದು’ ಎಂದು ಮೇಕ್ ಎಚ್ಚರಿಸುತ್ತದೆ. ಕಡೆಗಣಿಸಬಹುದೆ?

ಕಡೆಗಣಿಸಬಾರದು. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೇಕ್ ಬರೆದಾಗಿನಿಂದ ಅದರ ತೀರ್ಮಾನವೆಲ್ಲ ಒಂದೇ ಹೋಲಿಕೆಯ ಮೇಲೆ ನಿಂತಿದೆ: ಮೂಲ ಕಡತದ ಸಮಯ ಫಲಿತ ಕಡತದ ಸಮಯಕ್ಕಿಂತ ಹೊಸದೇ? ಒಂದೇ ಯಂತ್ರದಲ್ಲಿ ಎರಡೂ ಸಮಯಗಳು ಒಂದೇ ಗಡಿಯಾರದವು. ಹಂಚಿದ ವ್ಯವಸ್ಥೆಯಲ್ಲಿ ಸಮಯವನ್ನು ಒಮ್ಮೆ ಸರ್ವರ್ ಹಾಕುತ್ತದೆ, ಟಚ್ ಅಥವಾ ಟಾರ್‌ನಂಥ ಸಾಧನಗಳು ನಿರ್ದಿಷ್ಟ ಸಮಯವನ್ನು ಕೊಟ್ಟಾಗ ಕ್ಲೈಂಟ್‌ನದು ಬೀಳುತ್ತದೆ. ಸರ್ವರ್ ಎರಡು ಸೆಕೆಂಡ್ ಮುಂದಿದ್ದರೆ ಎಚ್ಚರಿಕೆಯಾದರೂ ಬರುತ್ತದೆ. ಹಿಂದಿದ್ದರೆ ಏನೂ ಬರುವುದಿಲ್ಲ, ತಿದ್ದಿದ ಕಡತ ಮತ್ತೆ ಕಂಪೈಲ್ ಆಗದೆ ಉಳಿಯಬಹುದು, ಅಷ್ಟೇ. ಎಲ್ಲ ನೋಡ್‌ಗಳಲ್ಲೂ ಸರ್ವರ್‌ಗಳಲ್ಲೂ ಗಡಿಯಾರ ಹೊಂದಿಸುವ ಕ್ರೋನಿ ಓಡುತ್ತಿರಲಿ, ಎಲ್ಲವೂ ಒಂದೇ ಸಮಯಮೂಲವನ್ನು ನೋಡುತ್ತಿರಲಿ. ಕಡತದ ಸಮಯದ ಬದಲು ಅದರ ಒಳಗಿನ ಹ್ಯಾಶ್ ನೋಡಿ ತೀರ್ಮಾನಿಸುವ ಬೇಝಲ್‌ನಂಥ ಬಿಲ್ಡ್ ಸಾಧನಗಳು ಈ ಗೋಳಿನಿಂದ ಬಹುಮಟ್ಟಿಗೆ ಪಾರಾಗಿವೆ.

ಎರಡು ನೋಡ್‌ಗಳು ಒಂದೇ ಫಲಿತವನ್ನು ಬರೆಯುವುದನ್ನು ಲಾಕ್ ಮೂಲಕ ತಡೆಯಬಹುದೆ?

ಲಾಕ್‌ಗಿಂತ ಹೆಸರು ಬದಲಿಸುವ ಉಪಾಯ ಒಳ್ಳೆಯದು. ಪ್ರತಿ ನೋಡ್ ತನ್ನ ಹೆಸರು ಮತ್ತು ಪ್ರಕ್ರಿಯೆಯ ಸಂಖ್ಯೆಯುಳ್ಳ ತಾತ್ಕಾಲಿಕ ಕಡತವನ್ನು ಅದೇ ಡೈರೆಕ್ಟರಿಯಲ್ಲಿ ಪೂರ್ಣವಾಗಿ ಬರೆದು, ಮುಚ್ಚಿ, ನಂತರ ಅಂತಿಮ ಹೆಸರಿಗೆ ಬದಲಿಸಲಿ. ಹೆಸರು ಬದಲಾವಣೆ ಸರ್ವರ್‌ನಲ್ಲಿ ಅವಿಭಾಜ್ಯವಾಗಿ ನಡೆಯುವುದರಿಂದ ಓದುವವರಿಗೆ ಹಳೆಯದೋ ಹೊಸದೋ ಪೂರ್ತಿ ಕಾಣುತ್ತದೆ, ಅರ್ಧಂಬರ್ಧ ಕಾಣುವುದಿಲ್ಲ. ಪ್ರಕ್ರಿಯೆಯ ಸಂಖ್ಯೆಯೊಂದೇ ಸಾಲದು: ಎರಡು ಯಂತ್ರಗಳಲ್ಲಿ ಒಂದೇ ಸಂಖ್ಯೆ ಇರಬಹುದು, ಕಂಟೇನರ್‌ಗಳಲ್ಲಂತೂ ಎಲ್ಲರ ಸಂಖ್ಯೆಯೂ ಒಂದರಿಂದಲೇ ಶುರು.

ಇದ್ದ ಕಡತದ ಮೇಲೆಯೇ ಬರೆಯುವುದಂತೂ ಬೇಡ. ಆ ಕಡತ ಇನ್ನೊಂದು ನೋಡ್‌ನಲ್ಲಿ ಓಡುತ್ತಿರುವ ಪ್ರೋಗ್ರಾಮ್ ಆಗಿದ್ದರೆ ಲೋಕಲ್ ಡಿಸ್ಕ್‌ನಂತೆ ಕರ್ನಲ್ ಅದನ್ನು ತಡೆಯಲಾರದು. ಅಲ್ಲಿನ ಪ್ರೋಗ್ರಾಮ್ ಅಕಾರಣವಾಗಿ ಬಸ್ ಎರರ್ ಕೊಟ್ಟು ಸಾಯುತ್ತದೆ. ಹಾಗೆಯೇ ಎಲ್ಲ ನೋಡ್‌ಗಳೂ ಒಂದೇ ಲಾಗ್ ಕಡತದ ತುದಿಗೆ ಸೇರಿಸುತ್ತ ಹೋಗುವುದೂ ಎನ್‌ಎಫ್‌ಎಸ್‌ನಲ್ಲಿ ಸುರಕ್ಷಿತವಲ್ಲ, ಒಬ್ಬರದ್ದರ ಮೇಲೆ ಇನ್ನೊಬ್ಬರದ್ದು ಬೀಳುತ್ತದೆ. ನೋಡ್‌ಗೊಂದು ಲಾಗ್ ಇರಲಿ. ಎಸ್‌ಕ್ಯೂಲೈಟ್ ದತ್ತಸಂಚಯವನ್ನು ಹಂಚಿದ ಡೈರೆಕ್ಟರಿಯಲ್ಲಿ ಇಡುವುದು ಅದರ ಕರ್ತೃಗಳೇ ಬೇಡವೆನ್ನುವ ಸಂಗತಿ.

ಡೈರೆಕ್ಟರಿ ಅಳಿಸಲು ಹೋದರೆ ಚುಕ್ಕಿಯಿಂದ ಶುರುವಾಗುವ ‘ಎನ್‌ಎಫ್‌ಎಸ್’ ಹೆಸರಿನ ವಿಚಿತ್ರ ಕಡತಗಳು ಅಡ್ಡ ಬರುತ್ತವೆ. ಏಕೆ?

ಯಾವುದೋ ಪ್ರಕ್ರಿಯೆ ತೆರೆದಿಟ್ಟುಕೊಂಡ ಕಡತವನ್ನು ಅದೇ ಕ್ಲೈಂಟ್‌ನಲ್ಲಿ ಅಳಿಸಿದಾಗ, ಅಳಿಸುವ ಬದಲು ಕರ್ನಲ್ ಅದಕ್ಕೆ ಆ ಹೆಸರಿಟ್ಟು ಉಳಿಸಿಕೊಂಡಿರುತ್ತದೆ. ಪ್ರಕ್ರಿಯೆ ಮುಗಿದರೆ ತಾನಾಗಿ ಹೋಗುತ್ತದೆ. ಹೆಚ್ಚಾಗಿ ಅದು ಯಾರೋ ಕೊಲ್ಲಲು ಮರೆತ ಪರೀಕ್ಷೆಯ ಪ್ರಕ್ರಿಯೆ. ಬೇರೆ ನೋಡ್ ಅಳಿಸಿದ್ದರೆ ಈ ರಕ್ಷಣೆಯಿಲ್ಲ, ಆಗ ಬರುವುದು ‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂಬ ದೋಷ.

ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿಟ್ಟು ಮತ್ತೆ ಕೊಡುವ ಸಿಕ್ಯಾಶ್‌ನ ಡೈರೆಕ್ಟರಿಯನ್ನು ಎಲ್ಲ ನೋಡ್‌ಗಳಿಗೂ ಹಂಚಬಹುದೆ?

ಹಂಚಬಹುದು, ಆದರೆ ಅಳೆದು ನೋಡಿ ಹಂಚಿ. ಸಿಕ್ಯಾಶ್‌ನ ಕೈಪಿಡಿಯೇ ಎನ್‌ಎಫ್‌ಎಸ್ ಮೇಲೆ ಕ್ಯಾಶ್ ಇಟ್ಟರೆ ಕಂಪೈಲ್ ನಿಧಾನವಾಗಬಹುದೆಂದು ಎಚ್ಚರಿಸುತ್ತದೆ. ಚಿಕ್ಕ ಸಿ ಕಡತವೊಂದು ಕಂಪೈಲ್ ಆಗಲು 200 ಮಿಲಿಸೆಕೆಂಡ್ ಸಾಕಾದಾಗ, ಕ್ಯಾಶ್‌ನಿಂದ ತರಲು 150 ಮಿಲಿಸೆಕೆಂಡ್ ಹಿಡಿದರೆ ಲಾಭವೇನು? ದೊಡ್ಡ ಸಿ ಪ್ಲಸ್ ಪ್ಲಸ್ ಟೆಂಪ್ಲೇಟುಗಳ ಕಡತಗಳಲ್ಲಿ ಮಾತ್ರ ಲೆಕ್ಕ ಸ್ಪಷ್ಟವಾಗಿ ಲಾಭದ ಕಡೆಗೆ ವಾಲುತ್ತದೆ. ಹಂಚುವುದಾದರೆ ಮೂರು ಸಂಗತಿಗಳು ಸರಿಯಿರಬೇಕು. ಪ್ರತಿ ನೋಡ್‌ನಲ್ಲೂ ಮೂಲಸಂಕೇತ ಬೇರೆ ಹಾದಿಯಲ್ಲಿದ್ದರೆ ‘ಬೇಸ್ ಡಿರ್’ ಆಯ್ಕೆ ಹೊಂದಿಸದೆ ಕ್ಯಾಶ್‌ನಲ್ಲಿ ಏನೂ ಸಿಗದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವಂತೆ ‘ಉಮಾಸ್ಕ್’ (ಹೊಸ ಕಡತಗಳ ಅನುಮತಿ) ಇರಬೇಕು. ಮತ್ತು ಕಂಪೈಲರ್ ಅನ್ನು ಗುರುತಿಸಲು ಅದರ ಸಮಯಮುದ್ರೆಯ ಬದಲು ಒಳವಸ್ತುವಿನ ಹ್ಯಾಶ್ ಬಳಸಬೇಕು, ಇಲ್ಲವಾದರೆ ಅದೇ ಕಂಪೈಲರ್ ಬೇರೆ ದಿನ ಇನ್‌ಸ್ಟಾಲ್ ಆದ ನೋಡ್ ತನ್ನದೇ ಪ್ರತ್ಯೇಕ ಲೋಕದಲ್ಲಿರುತ್ತದೆ. ಸಿಕ್ಯಾಶ್‌ನ ಇತ್ತೀಚಿನ ಆವೃತ್ತಿಗಳು ಎಚ್‌ಟಿಟಿಪಿ ಅಥವಾ ರೆಡಿಸ್ ಮೂಲಕವೂ ದೂರದ ಕ್ಯಾಶ್ ಬಳಸಬಲ್ಲವು. ನೋಡ್‌ನಲ್ಲೊಂದು ಲೋಕಲ್ ಕ್ಯಾಶ್, ಅದರ ಹಿಂದೆ ಇಂಥ ದೂರದ್ದೊಂದು ಎಂಬ ಜೋಡಣೆ ಹಂಚಿದ ಡೈರೆಕ್ಟರಿಗಿಂತ ಚೆನ್ನಾಗಿ ನಡೆಯುತ್ತದೆ.

ಬೇಝಲ್ ಬಳಸುವವರಿಗೆ ಇದೆಲ್ಲ ಬೇಕೆ?

ಬಹುಪಾಲು ಬೇಡ. ದೂರದ ಎಕ್ಸಿಕ್ಯೂಷನ್‌ನಲ್ಲಿ ಬೇಝಲ್ ಪ್ರತಿ ಕಡತವನ್ನೂ ಅದರ ಒಳವಸ್ತುವಿನ ಹ್ಯಾಶ್‌ನಿಂದ ಹೆಸರಿಸಿ ಒಂದು ಭಂಡಾರದಲ್ಲಿಡುತ್ತದೆ, ಯಾವ ಕೆಲಸಕ್ಕೆ ಯಾವ ಇನ್‌ಪುಟ್ ಬೇಕೋ ಅಷ್ಟನ್ನೇ ಕೆಲಸ ಮಾಡುವ ನೋಡ್ ಇಳಿಸಿಕೊಳ್ಳುತ್ತದೆ. ಹ್ಯಾಶ್ ಹೆಸರಿನ ಕಡತ ಎಂದೂ ಬದಲಾಗದ ಕಾರಣ ‘ಹಳೆಯದು ಕಂಡಿತು’ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ. ಆದರೆ ಬೇಝಲ್‌ನ ಔಟ್‌ಪುಟ್ ಬೇಸ್ (ಫಲಿತಗಳನ್ನಿಡುವ ಡೈರೆಕ್ಟರಿ) ಅನ್ನು ಎನ್‌ಎಫ್‌ಎಸ್ ಮೇಲೆ ಇಡಬೇಡಿ. ಇಟ್ಟರೆ ಬೇಝಲ್ ತಾನೇ ಎಚ್ಚರಿಕೆ ಮುದ್ರಿಸುತ್ತದೆ. ಹಂಚಿದ ಹೋಮ್ ಡೈರೆಕ್ಟರಿ ಇರುವ ಕಡೆ ಇದು ತಿಳಿಯದೆಯೇ ಆಗಿರುತ್ತದೆ, ಏಕೆಂದರೆ ಔಟ್‌ಪುಟ್ ಬೇಸ್ ಸಾಮಾನ್ಯವಾಗಿ ಬಳಕೆದಾರರ ಹೋಮ್‌ನ ಕ್ಯಾಶ್ ಡೈರೆಕ್ಟರಿಯ ಕೆಳಗೆ ಹುಟ್ಟುತ್ತದೆ.

ಟೂಲ್‌ಚೈನ್ ಹಂಚಲು ಒಳ್ಳೆಯ ದಾರಿ ಯಾವುದು?

ನಾನು ಎಲ್ಲರಿಗೂ ಮೊದಲು ಹೇಳುವುದು ಸ್ಕ್ವಾಷ್‌ಎಫ್‌ಎಸ್. ಸಾವಿರಾರು ಕಡತಗಳ ಟೂಲ್‌ಚೈನ್ ಅನ್ನು ಒಂದೇ ಸಂಕುಚಿತ ಇಮೇಜ್ ಕಡತವಾಗಿಸಿ, ಅದನ್ನು ಹಂಚಿದ ಜಾಗದಲ್ಲಿಟ್ಟು, ಪ್ರತಿ ನೋಡ್‌ನಲ್ಲಿ ಕಡತವನ್ನೇ ಡಿಸ್ಕ್‌ನಂತೆ ಕಾಣಿಸುವ ಲೂಪ್ ಮೂಲಕ ಓದಲು ಮಾತ್ರ ಮೌಂಟ್ ಮಾಡಿ. ಸರ್ವರ್‌ಗೆ ಈಗ ಕಾಣುವುದು ಒಂದು ಕಡತ. ಹೆಡರ್ ಇದೆಯೋ ಇಲ್ಲವೋ ಎಂಬ ವಿಚಾರಣೆಗಳೆಲ್ಲ ನೋಡ್‌ನ ಕರ್ನಲ್‌ನಲ್ಲೇ ಮುಗಿಯುತ್ತವೆ, ಒಮ್ಮೆ ಓದಿದ ಬ್ಲಾಕ್‌ಗಳು ಪೇಜ್ ಕ್ಯಾಶ್‌ನಲ್ಲಿ ಉಳಿಯುತ್ತವೆ. ಹೊಸ ಟೂಲ್‌ಚೈನ್ ಬಂದಾಗ ಹೊಸ ಹೆಸರಿನ ಹೊಸ ಇಮೇಜ್, ಹಳೆಯದನ್ನು ಮುಟ್ಟುವುದಿಲ್ಲ.

ಯಂತ್ರಗಳು ಹಲವು ತಾಣಗಳಲ್ಲಿ ಹರಡಿದ್ದರೆ ಸರ್ನ್‌ವಿಎಂ-ಎಫ್‌ಎಸ್ ನೋಡಬಹುದು. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ತನ್ನ ಪ್ರಯೋಗಗಳ ಸಾಫ್ಟ್‌ವೇರ್ ಹಂಚಲು ಕಟ್ಟಿದ ಈ ವ್ಯವಸ್ಥೆ ಕ್ಲೈಂಟ್‌ಗಳಿಗೆ ಓದಲು ಮಾತ್ರ ಸಿಗುತ್ತದೆ, ಎಚ್‌ಟಿಟಿಪಿ ಮೇಲೆ ಓಡುತ್ತದೆ, ನಡುವೆ ಸಾಧಾರಣ ವೆಬ್ ಪ್ರಾಕ್ಸಿಗಳನ್ನು ಬಳಸಿಕೊಳ್ಳುತ್ತದೆ.

ಕಂಟೇನರ್ ಒಳಗಿನಿಂದ ಬರೆಯಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ನಾನು ರೂಟ್ ಅಲ್ಲವೆ?

ಕಂಟೇನರ್‌ನಲ್ಲಿ ರೂಟ್, ಸರ್ವರ್ ಎದುರು ಯಾರೂ ಅಲ್ಲ. ಎನ್‌ಎಫ್‌ಎಸ್ ಸರ್ವರ್‌ನ ‘ರೂಟ್ ಸ್ಕ್ವಾಷ್’ ನಿಯಮ ದೂರದ ರೂಟ್ ಅನ್ನು ‘ನೋಬಡಿ’ ಎಂಬ ಬಳಕೆದಾರನಾಗಿ ಬದಲಿಸುತ್ತದೆ. ನಿಯಮವನ್ನು ತೆಗೆಯಬೇಡಿ, ಬಿಲ್ಡ್ ಅನ್ನು ಎಲ್ಲ ನೋಡ್‌ಗಳಲ್ಲೂ ಒಂದೇ ಸಂಖ್ಯೆಯುಳ್ಳ ಸಾಧಾರಣ ಬಳಕೆದಾರನಾಗಿ ಓಡಿಸಿ. ಇನ್ನೊಂದು ಮಾತು: ಒಂದು ಡೈರೆಕ್ಟರಿಯ ಮೇಲೆ ಇನ್ನೊಂದನ್ನು ಹೊದಿಸಿ ಒಂದೇ ಆಗಿ ತೋರಿಸುವ ಓವರ್‌ಲೇಎಫ್‌ಎಸ್‌ನ ಕೆಳಪದರವಾಗಿ ಎನ್‌ಎಫ್‌ಎಸ್ ನಡೆಯುತ್ತದೆ, ಮೇಲ್ಪದರವಾಗಿ ನಡೆಯುವುದಿಲ್ಲ. ಕೆಳಗೆ ಹಂಚಿದ ಮೂಲಸಂಕೇತ, ಮೇಲೆ ಲೋಕಲ್ ಡಿಸ್ಕ್ ಎಂಬ ಜೋಡಣೆ ಬಿಲ್ಡ್‌ಗೆ ಹೇಳಿ ಮಾಡಿಸಿದಂತಿದೆ.

ಒಂದೇ ಮೂಲಸಂಕೇತ, ಒಂದೇ ಕಂಪೈಲರ್. ಆದರೂ ಎರಡು ನೋಡ್‌ಗಳ ಫಲಿತ ಬೈಟ್ ಬೈಟ್ ಹೊಂದುವುದಿಲ್ಲ. ಕಡತ ವ್ಯವಸ್ಥೆ ಕಾರಣವಾಗಬಹುದೆ?

ಖಂಡಿತ ಆಗಬಹುದು. ಡೈರೆಕ್ಟರಿಯ ಪಟ್ಟಿ ಯಾವ ಕ್ರಮದಲ್ಲಿ ಬರಬೇಕೆಂದು ಯಾವ ನಿಯಮವೂ ಇಲ್ಲ. ಲೋಕಲ್ ಡಿಸ್ಕ್‌ನ ಎಕ್ಸ್‌ಟಿ4 ಒಂದು ಕ್ರಮ ಕೊಟ್ಟರೆ ಸೆಫ್ ಇನ್ನೊಂದು ಕೊಡುತ್ತದೆ. ಆ ಕ್ರಮದಲ್ಲೇ ಆಬ್ಜೆಕ್ಟ್‌ಗಳು ಲಿಂಕರ್‌ಗೆ ಹೋದರೆ ಫಲಿತವೂ ಬೇರೆಯಾಗುತ್ತದೆ. ಗ್ನೂ ಮೇಕ್ 3.82ರಲ್ಲಿ ವೈಲ್ಡ್‌ಕಾರ್ಡ್ ಫಲಿತವನ್ನು ಅಕಾರಾದಿಯಾಗಿ ಜೋಡಿಸುವುದನ್ನು ನಿಲ್ಲಿಸಿ, 2020ರ 4.3ರಲ್ಲಿ ಮತ್ತೆ ಶುರುಮಾಡಿತು; ನಡುವಿನ ಆವೃತ್ತಿಗಳನ್ನು ಬಳಸುವವರು ತಾವೇ ‘ಸಾರ್ಟ್’ ಸೇರಿಸಬೇಕು. ಟಾರ್ ಕಡತ ಕಟ್ಟುವಾಗಲೂ ಹೆಸರಿನ ಕ್ರಮವನ್ನು ಸ್ಪಷ್ಟವಾಗಿ ಕೇಳಿ.

ಸರ್ವರ್ ಬಿದ್ದಾಗ ಬಿಲ್ಡ್ ನೇತಾಡದಂತೆ ‘ಸಾಫ್ಟ್’ ಮೌಂಟ್ ಮಾಡಬಹುದೆ?

ಬರೆಯುವ ಮೌಂಟ್‌ಗೆ ಎಂದೂ ಬೇಡ. ಹಾರ್ಡ್ ಮೌಂಟ್‌ನಲ್ಲಿ ಬಿಲ್ಡ್ ನಿಂತು ಕಾಯುತ್ತದೆ, ಸರ್ವರ್ ಎದ್ದ ಮೇಲೆ ಮುಂದುವರಿಯುತ್ತದೆ. ಸಾಫ್ಟ್ ಮೌಂಟ್‌ನಲ್ಲಿ ಅವಧಿ ಮೀರಿದಾಗ ಪ್ರೋಗ್ರಾಮ್‌ಗೆ ದೋಷ ಮರಳುತ್ತದೆ, ಮತ್ತು ಕಡತ ಮುಚ್ಚುವಾಗ ಬಂದ ದೋಷವನ್ನು ಪರೀಕ್ಷಿಸದ ಸಾಧನಗಳು ನಿಮ್ಮ ಬಿಲ್ಡ್ ಸರಪಳಿಯಲ್ಲಿ ಒಂದಾದರೂ ಇದ್ದೇ ಇರುತ್ತದೆ. ನಿಂತ ಬಿಲ್ಡ್ ಕಣ್ಣಿಗೆ ಬೀಳುತ್ತದೆ. ಕೊನೆಯ ಹತ್ತು ಕಿಲೋಬೈಟ್ ಕಾಣೆಯಾದ ಲೈಬ್ರರಿ ಬೀಳುವುದಿಲ್ಲ. ಸರ್ವರ್ ಕಡೆಯ ‘ಅಸಿಂಕ್’ ಆಯ್ಕೆಗೂ ಇದೇ ಮಾತು: ಡಿಸ್ಕ್ ಮುಟ್ಟುವ ಮುನ್ನವೇ ‘ಬರೆದಾಯಿತು’ ಎನ್ನುವ ಸರ್ವರ್ ವೇಗವಾಗಿಯೇ ಕಾಣುತ್ತದೆ, ವಿದ್ಯುತ್ ಹೋಗುವವರೆಗೆ.

ತೊಂದರೆ ಕಡತ ವ್ಯವಸ್ಥೆಯದೇ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು?

ಒಂದೇ ನೋಡ್ ತೆಗೆದುಕೊಂಡು ಅದೇ ಬಿಲ್ಡ್ ಅನ್ನು ಮೊದಲು ಟಿಎಂಪಿಎಫ್‌ಎಸ್‌ನಲ್ಲಿ, ನಂತರ ಲೋಕಲ್ ಡಿಸ್ಕ್‌ನಲ್ಲಿ, ಕೊನೆಗೆ ಹಂಚಿದ ಜಾಗದಲ್ಲಿ ಓಡಿಸಿ. ಮೊದಲೆರಡರ ನಡುವೆ ವ್ಯತ್ಯಾಸ ಅತ್ಯಲ್ಪವಾಗಿದ್ದು ಮೂರನೆಯದು ಎದ್ದು ಕಂಡರೆ ಉತ್ತರ ಸಿಕ್ಕಿದಂತೆಯೇ. ಬಳಿಕ ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ‘ಎಸ್‌ಟ್ರೇಸ್’ ಅನ್ನು ಎಣಿಕೆಯ ವಿಧಾನದಲ್ಲಿ, ಮಕ್ಕಳ ಪ್ರಕ್ರಿಯೆಗಳೂ ಸೇರುವಂತೆ ಒಂದು ಕಂಪೈಲ್‌ನ ಮೇಲೆ ಓಡಿಸಿದರೆ, ಕಡತ ತೆರೆಯುವ ಎಷ್ಟು ಪ್ರಯತ್ನಗಳು ವಿಫಲವಾದವು ಎಂಬ ಸಂಖ್ಯೆ ಕಾಣುತ್ತದೆ. ಆ ಸಂಖ್ಯೆ ನೋಡಿ ಬೆಚ್ಚದವರನ್ನು ನಾನು ಕಂಡಿಲ್ಲ. ‘ಎನ್‌ಎಫ್‌ಎಸ್‌ಸ್ಟ್ಯಾಟ್’ ಮತ್ತು ‘ಮೌಂಟ್‌ಸ್ಟ್ಯಾಟ್ಸ್’ ಯಾವ ಬಗೆಯ ಕರೆಗಳು ಎಷ್ಟು, ಪ್ರತಿಯೊಂದಕ್ಕೂ ಸರಾಸರಿ ಎಷ್ಟು ಹೊತ್ತು ಎಂದು ತೋರಿಸುತ್ತವೆ. ಓದು ಬರಹಗಳಿಗಿಂತ ಗೆಟ್‌ಆಟ್ಟರ್, ಲುಕಪ್, ಆಕ್ಸೆಸ್ ಎಂಬ ಮೂರು ಮೆಟಾಡೇಟಾ ಕರೆಗಳು ಹಲವು ಪಟ್ಟು ಇದ್ದರೆ ಮೇಲೆ ಹೇಳಿದ್ದೆಲ್ಲ ನಿಮಗೂ ಅನ್ವಯ.

ಹಳೆಯ ಬಿಲ್ಡ್‌ಗಳನ್ನು ಅಳಿಸುವಾಗ ಇಡೀ ಕ್ಲಸ್ಟರ್ ತೆವಳುತ್ತದೆ. ಏನು ಮಾಡಬೇಕು?

ಅಳಿಸುವುದೂ ಮೆಟಾಡೇಟಾ ಕೆಲಸವೇ: ಹತ್ತು ಲಕ್ಷ ಕಡತಗಳ ಟ್ರೀ ಎಂದರೆ ಹತ್ತು ಲಕ್ಷ ಅಳಿಸುವ ಕರೆಗಳು. ಡೈರೆಕ್ಟರಿಯನ್ನು ಮೊದಲು ಅದೇ ಕಡತ ವ್ಯವಸ್ಥೆಯ ಕಸದ ಡೈರೆಕ್ಟರಿಗೆ ಹೆಸರು ಬದಲಿಸಿ ಸರಿಸಿಬಿಡಿ, ಅದು ಒಂದೇ ಕರೆಯಲ್ಲಿ ಮುಗಿಯುತ್ತದೆ. ನಿಜವಾದ ಅಳಿಸುವಿಕೆ ಬಿಲ್ಡ್ ಕಡಿಮೆಯಿರುವ ಹೊತ್ತಿನಲ್ಲಿ, ಒಂದೇ ನೋಡ್‌ನಿಂದ, ಒಂದೇ ಪ್ರಕ್ರಿಯೆಯಾಗಿ ನಿಧಾನವಾಗಿ ನಡೆಯಲಿ. ಜಾಗದ ಜೊತೆಗೆ ಐನೋಡ್‌ಗಳ (ಕಡತಕ್ಕೊಂದರಂತೆ ಬೇಕಾಗುವ ದಾಖಲೆಗಳ) ಲೆಕ್ಕವನ್ನೂ ನೋಡುತ್ತಿರಿ, ಡಿಸ್ಕ್ ಅರ್ಧ ಖಾಲಿಯಿದ್ದಾಗಲೇ ಐನೋಡ್ ಮುಗಿದು ‘ಜಾಗವಿಲ್ಲ’ ಎಂಬ ದೋಷ ಬರುವುದುಂಟು. ಫಲಿತಗಳನ್ನು ಬಿಡಿ ಕಡತಗಳ ಬದಲು ಬಿಲ್ಡ್‌ಗೊಂದು ಟಾರ್ ಅಥವಾ ಸ್ಕ್ವಾಷ್‌ಎಫ್‌ಎಸ್ ಇಮೇಜ್ ಆಗಿ ಇಡುತ್ತಿದ್ದರೆ ಹಳೆಯ ಬಿಲ್ಡ್ ಅಳಿಸುವುದು ಒಂದು ಕಡತ ಅಳಿಸಿದಷ್ಟೇ ಸುಲಭ.